ಅತ್ತೆಯ ಫ್ಲಾಪಿಗಳೆಲ್ಲ ಒಂದು ಪೆನ್‌ಡ್ರೈವಿಗೆ

ನನ್ನ ಅಪ್ಪನ ತಂಗಿ, ನನಗೆ ಅತ್ತೆ, ತಮಿಳುನಾಡಿನ ಕಂಬಂನಲ್ಲಿ ಎಂಬ್ರಾಯ್ಡರಿ ಅಂಗಡಿ ಇಟ್ಟಿದ್ದಾಳೆ. ಮದುವೆ ರವಿಕೆ, ಶಾಲೆಯ ಬ್ಯಾಡ್ಜು, ದೇವರ ಕೊಡೆಯ ಅಂಚು, ಏನು ಕೊಟ್ಟರೂ ಹೊಲಿಯುತ್ತಾಳೆ. ತಿರುಪ್ಪೂರಿನಿಂದ ಸೆಕೆಂಡ್‌ಹ್ಯಾಂಡಿನಲ್ಲಿ ತಂದ ಅವಳ ಮೆಷಿನ್ನು ಚಿತ್ರವನ್ನು ಫ್ಲಾಪಿಯಿಂದ ಓದಿಕೊಳ್ಳುತ್ತಿತ್ತು.

ಕಾಲೇಜಿನ ದಿನಗಳಲ್ಲಿ ಸಂಜೆಯೆಲ್ಲ ನಾನು ಅಲ್ಲೇ ಇರುತ್ತಿದ್ದೆ. ಫ್ಲಾಪಿ ತೂರಿಸಿದರೆ ಮೆಷಿನ್ನು ಕರಕರ ಅಂದು, ಗಳಿಗೆ ಹೊತ್ತು ಸುಮ್ಮನಾಗಿ, ಆಮೇಲೆ ಸೂಜಿ ಎತ್ತುತ್ತಿತ್ತು. ಅದು ಸುಮ್ಮನಿರುವಷ್ಟು ಹೊತ್ತು ಅತ್ತೆಯೂ ಉಸಿರು ಬಿಗಿಹಿಡಿದಿರುತ್ತಿದ್ದಳು. ಪ್ರತಿ ಫ್ಲಾಪಿಗೂ ಚೀಟಿ ಅಂಟಿಸಿ ನವಿಲು, ದ್ರಾಕ್ಷಿ ಬಳ್ಳಿ, ಚಿನ್ನಮನೂರು ಮದುವೆ ಎಂದು ತಮಿಳಿನಲ್ಲಿ ಬರೆದಿದ್ದಳು. ಮನೆಯಲ್ಲಿ ಆಡುವುದು ಕನ್ನಡವಾದರೂ ನಮಗೆ ಬರೆಯಲು ಬರುತ್ತಿದ್ದುದು ತಮಿಳೇ. ಕನ್ನಡ ಅಕ್ಷರ ನಾನು ಕಲಿತದ್ದು ಬಹಳ ತಡವಾಗಿ.

ಹೋದ ವರ್ಷ ಶಾಲೆಯ ಬ್ಯಾಡ್ಜುಗಳ ಕೆಲಸ ಅರ್ಧ ಆಗಿದ್ದಾಗ ಫ್ಲಾಪಿ ಓದುವ ಭಾಗ ಕೆಟ್ಟಿತು. ಆ ಬಿಡಿಭಾಗ ಈಗ ಎಲ್ಲೂ ಸಿಗುವುದಿಲ್ಲ, ಹೊಸ ಮೆಷಿನ್ನೇ ತಗೊಳ್ಳಿ ಎಂದರು ಕೇಳಿದವರೆಲ್ಲ. ಅತ್ತೆ ಒಪ್ಪಲಿಲ್ಲ. "ಕಿವಿ ಕೇಳ್ದೆ ಹೋದ್ರೆ ಆಳ್ನೇ ಬದ್ಲಾಯಿಸ್ತಾರಾ, ಕಣ್ಣು?" ಎಂದು ನನ್ನನ್ನು ಕೇಳಿದಳು. ಮುದ್ದಿಗೆ ಅವಳು ನನ್ನನ್ನು ಕಣ್ಣು ಎಂದೇ ಕರೆಯುವುದು.

ದಿಂಡಿಗಲ್ಲಿನಲ್ಲಿ ಹೊಲಿಗೆ ಮೆಷಿನ್ನು ರಿಪೇರಿ ಮಾಡುವ ಒಬ್ಬರು, ಫ್ಲಾಪಿಗಳನ್ನೆಲ್ಲ ತಗೊಂಡು ಬನ್ನಿ ಎಂದು ಫೋನಿನಲ್ಲಿ ಹೇಳಿದರು. ಬಸ್ಸಿನ ದಾರಿಯುದ್ದಕ್ಕೂ ಅತ್ತೆ ಫ್ಲಾಪಿಗಳ ಪೆಟ್ಟಿಗೆಯನ್ನು ಮಡಿಲಿನಿಂದ ಕೆಳಗಿಡಲಿಲ್ಲ.

ಆತ ತೋರಿಸಿದ್ದು ಫ್ಲಾಪಿ ಡ್ರೈವಿನಷ್ಟೇ ಗಾತ್ರದ ಒಂದು ಡಬ್ಬಿ. ಮುಂದೆ ಪೆನ್‌ಡ್ರೈವ್ ಚುಚ್ಚುವ ತೂತು, ಎರಡು ಗುಂಡಿ, ಕೆಂಪಗೆ ಹೊಳೆಯುವ ಅಂಕಿ. ಹಳೆಯದನ್ನು ಬಿಚ್ಚಿ ಅದೇ ಜಾಗದಲ್ಲಿ ಇದನ್ನು ಕೂರಿಸಿದರೆ ಮೆಷಿನ್ನು ಇದನ್ನೇ ಫ್ಲಾಪಿ ಎಂದುಕೊಳ್ಳುತ್ತದಂತೆ. ಒಂದೇ ಪೆನ್‌ಡ್ರೈವಿನಲ್ಲಿ ನೂರು ಫ್ಲಾಪಿ ಹಿಡಿಸುತ್ತವೆ. ಆದರೆ ಹೆಸರಿರುವುದಿಲ್ಲ, ಬರೀ ನಂಬರು. ಅತ್ತೆ ಒಂದು ನೋಟ್‌ಬುಕ್ ಕೊಂಡು ತಂದು, ಆತ ಒಂದೊಂದನ್ನೇ ಕಾಪಿ ಮಾಡಿದ ಹಾಗೆ ನಂಬರಿನ ಎದುರು ಹೆಸರು ಬರೆಯುತ್ತ ಕುಳಿತಳು. ನವಿಲು ಹನ್ನೆರಡಾಯಿತು, ದ್ರಾಕ್ಷಿ ಬಳ್ಳಿ ಹದಿಮೂರು.

ಕೆಲವು ಫ್ಲಾಪಿಗೆ ಬೂಷ್ಟು ಹಿಡಿದಿತ್ತು, ತೆರೆಯಲಿಲ್ಲ. ಅತ್ತೆ ಅವನ್ನು ಸುಮ್ಮನೆ ಪಕ್ಕಕ್ಕಿಟ್ಟಳು. 'ಅಮ್ಮನ ಕೋಲ' ಎಂದು ಬರೆದದ್ದು ತೆರೆಯದಿದ್ದಾಗ ಮಾತ್ರ ಅವಳ ಪೆನ್ನು ನಿಂತಿತು. ಅದು ಹನುಮಂತನಪಟ್ಟಿಯ ಮನೆಯ ಬಾಗಿಲಲ್ಲಿ ನನ್ನ ಅಜ್ಜಿ, ಅಂದರೆ ಅತ್ತೆಯ ಅಮ್ಮ, ದಿನಾ ಇಡುತ್ತಿದ್ದ ಚುಕ್ಕಿ ರಂಗೋಲಿ. ಅತ್ತೆ ಕಂಪ್ಯೂಟರಿನಲ್ಲಿ ಮೊದಲು ಬಿಡಿಸಿದ ಚಿತ್ರವೂ ಅದೇ. ಅಜ್ಜಿ ಈಗಿಲ್ಲ. ಆತ ಫ್ಲಾಪಿಯನ್ನು ಒರೆಸಿ ಇನ್ನೆರಡು ಡ್ರೈವಿನಲ್ಲಿ ಹಾಕಿ ನೋಡಿ ಆಗುವುದಿಲ್ಲ ಎಂದು ತಲೆಯಾಡಿಸಿದರು.

ಮತ್ತೆ ಬಿಡಿಸು ಎಂದೆ. ಅತ್ತೆ ನೋಟ್‌ಬುಕ್ಕಿನಲ್ಲಿ ಚುಕ್ಕಿಯಿಟ್ಟಳು, ಎರಡು ಸುತ್ತು ಎಳೆದಳು, ನಿಲ್ಲಿಸಿದಳು.

"ಫ್ಲಾಪೀಲಿ ಅಯ್ತೆ ಅಂತ ನಾನು ಮರ್ತೇ ಬಿಟ್ಟೆ," ಎಂದಳು.

ನಾನು ಪೆನ್ನು ಇಸಿದುಕೊಂಡೆ. ಶಾಲೆಯ ರಜೆಯಲ್ಲೆಲ್ಲ ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಆ ಕೋಲ ಇಟ್ಟವಳು ನಾನು. ಹೇಗೆಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಏಳು ಚುಕ್ಕಿ ಇಟ್ಟ ಮೇಲೆ ಕೈ ತಾನೇ ತಿರುಗಿತು. ಅಜ್ಜಿ ಬೆರಳ ಸಂದಿಯಿಂದ ಹಿಟ್ಟು ಬಿಡುತ್ತಿದ್ದ ರೀತಿ, ಸಗಣಿ ಸಾರಿಸಿದ ನೆಲದ ತಂಪು, ನಾನು ತಪ್ಪಿದಾಗ ಅವಳು ಅಂಗೈಯಿಂದ ಒರೆಸುತ್ತಿದ್ದುದು, ಎಲ್ಲ ಆ ರಿಪೇರಿ ಅಂಗಡಿಯಲ್ಲಿ ನನ್ನೆದುರು ಬಂತು. ಮುಗಿದ ಮೇಲೆ ಅತ್ತೆ ಹಾಳೆಯನ್ನು ಹರಿಯದ ಹಾಗೆ ಮಡಚಿಟ್ಟುಕೊಂಡಳು.

ಡಬ್ಬಿ ಮೆಷಿನ್ನಿನಲ್ಲಿ ಕೂತಿತು, ಬ್ಯಾಡ್ಜುಗಳು ಹೇಳಿದ ದಿನಕ್ಕೇ ಶಾಲೆ ಸೇರಿದವು. ಈಗ ಮೆಷಿನ್ನು ಸದ್ದಿಲ್ಲದೆ ಓದಿಕೊಳ್ಳುತ್ತದೆ. ಅಂಗಡಿಗೆ ಹೋದಾಗ ನನಗೆ ಆ ಕರಕರ ಇಲ್ಲದ್ದೇ ಒಂದು ಕೊರತೆ.

ಕೆಲವು ತಿಂಗಳ ನಂತರ ಅತ್ತೆಯ ಬೀರುವಿನಲ್ಲಿ ಹಳೆಯ ತಲೆದಿಂಬಿನ ಕವರೊಂದು ಸಿಕ್ಕಿತು. ಅದರ ಮೇಲೆ ಫ್ಲಾಪಿಯಲ್ಲಿದ್ದ ಕೋಲವೇ ಇತ್ತು. ನಾನು ಬಿಡಿಸಿದ ಹಾಳೆಯ ಜೊತೆ ಹೋಲಿಸಿ ನೋಡಿದರೆ ಬಲಗಡೆಯ ಒಂದು ಸುತ್ತನ್ನು ನಾನು ತಿರುಗುಮುರುಗು ಎಳೆದಿದ್ದೆ. ನನ್ನದನ್ನು ತಿದ್ದಿಬಿಡು ಎಂದೆ.

"ಇರ್ಲಿ ಬಿಡು, ಕಣ್ಣು. ಅದು ಅಮ್ಮಂದು, ಇದು ನಿಂದು," ಎಂದು ಅತ್ತೆ ಎರಡನ್ನೂ ಕಂಪ್ಯೂಟರಿನಲ್ಲಿ ಬಿಡಿಸಿ ಬೇರೆ ಬೇರೆ ನಂಬರು ಕೊಟ್ಟಳು.