ಮೈಲೂರಿನ ಮನೆಗೆ ಹಾಕಿದ ಗ್ಯಾಸ್ ಗೀಜರ್

2016ರ ಜನವರಿಯಲ್ಲಿ ನಾನು ಬೀದರಿನ ಒಂದು ಅಂಗಡಿಯಲ್ಲಿ ಬಿಸಿನೀರಿನ ಸಲಕರಣೆಗಳನ್ನು ಜೋಡಿಸುವ ಮೇಲ್ವಿಚಾರಕನಾಗಿದ್ದೆ. ಹೊಸ ಮನೆ ಕಟ್ಟಿಸಿದವರು ಸೋಲಾರ್ ಹಾಕಿಸಲೋ, ಗೀಜರ್ ಹಾಕಿಸಲೋ ಎಂದು ನನ್ನನ್ನು ಕೇಳುತ್ತಿದ್ದರು. ಕೇಳಿದವರಿಗೆಲ್ಲ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಅಷ್ಟು ಜಂಬ ನನಗೆ. ಮಳೆ ಕೈಕೊಟ್ಟು ಅದು ಎರಡನೆಯ ವರ್ಷ. ಬೋರುಗಳು ಬತ್ತಿದ್ದವು. ಕಟ್ಟಡ ಕೆಲಸದ ಗೌಂಡಿಗಳು ಹೆಂಡತಿ ಮಕ್ಕಳೊಂದಿಗೆ ಹೈದರಾಬಾದಿಗೆ ಗುಳೆ ಹೋಗಿದ್ದರು.

ಭಾಲ್ಕಿಯಲ್ಲಿ ಹೈಸ್ಕೂಲ್ ಶಿಕ್ಷಕರಾಗಿದ್ದ ಪ್ರಕಾಶ ಸರ್ ಬೀದರಿನ ಮೈಲೂರಿನಲ್ಲಿ ಮನೆ ಕಟ್ಟಿಸಿದ್ದರು. ಬುದ್ಧ ವಂದನೆ ಮಾಡಿ ಮನೆ ಹೊಕ್ಕು ವಾರವೂ ಆಗಿರಲಿಲ್ಲ. ಔರಾದಿಗೆ ಕೊಟ್ಟಿದ್ದ ಮಗಳು ಸುಜಾತಾ ಚೊಚ್ಚಲ ಹೆರಿಗೆಗೆ ಬಂದು ಆಸ್ಪತ್ರೆಯಲ್ಲಿದ್ದಳು.

"ಮಗಳು ಹಡದಾಳ್ರಿ, ಹೆಣ್ಣ ಕೂಸು. ನಾಕ ದಿನದಾಗ ಬಾಣಂತಿ ಮನಿಗಿ ಬರ್ತಾಳ. ಅಷ್ಟ್ರಾಗ ಬಿಸಿನೀರಿಂದು ಏನರ ಬಂದೋಬಸ್ತ ಆಗ್ಬೇಕ್ ನೋಡ್ರಿ," ಎಂದರು ಸರ್.

ನನ್ನ ಮೊದಲ ಮಾತು ಸೋಲಾರ್. ಬೀದರಿನಲ್ಲಿ ಬಿಸಿಲಿಗೇನು ಬರವೇ? ಆದರೆ ಸೋಲಾರಿಗೆ ಮೇಲಿನ ಟ್ಯಾಂಕ್ ಸದಾ ತುಂಬಿರಬೇಕು. ನೀರಿಲ್ಲದೆ ಕಾದ ಗಾಜಿನ ಕೊಳವೆಗೆ ಒಮ್ಮೆಲೇ ತಣ್ಣೀರು ನುಗ್ಗಿದರೆ ಅದು ಒಡೆಯುತ್ತದೆ. ಆ ಮನೆಗೆ ನೀರು ಬರುತ್ತಿದ್ದುದು ಟ್ಯಾಂಕರಿನಲ್ಲಿ, ಅದೂ ಬಂದಾಗ ಬಂತು. ವಿದ್ಯುತ್ ಗೀಜರ್ ಹಾಕೋಣವೆಂದರೆ ಸ್ನಾನದ ಹೊತ್ತಿಗೇ ಕರೆಂಟ್ ಹೋಗುತ್ತಿತ್ತು. ಸರ್ ಅವರ ಹೆಂಡತಿ ಕಮಲಾಬಾಯಿ ಹಿತ್ತಲಲ್ಲಿ ಹಂಡೆ ಹೂಡಿ ಕಟ್ಟಿಗೆ ಉರಿಸೋಣ ಎಂದರು.

"ಹೊಸ ಮನಿಗಿ ಹೊಗಿ ಯಾಕ್ರಿ ಅಕ್ಕಾ?" ಎಂದು ನಾನೇ ನಕ್ಕೆ.

ಉಳಿದದ್ದು ಗ್ಯಾಸ್ ಗೀಜರ್. ಸಿಲಿಂಡರಿಗೆ ಜೋಡಿಸುವ ಸಣ್ಣ ಪೆಟ್ಟಿಗೆ ಅದು. ನಳ ತಿರುವಿದೊಡನೆ ಒಳಗೆ ಉರಿ ಹೊತ್ತಿಕೊಂಡು ನೀರು ಕಾಯುತ್ತದೆ. ಆ ಉರಿಗೆ ಗಾಳಿ ಬೇಕು. ಗಾಳಿ ಸಾಲದೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷ ಹುಟ್ಟುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಆದ್ದರಿಂದ ಪೆಟ್ಟಿಗೆಯನ್ನು ಬಚ್ಚಲಿನ ಹೊರಗೋಡೆಗೆ ಕೂಡಿಸಿ ಪೈಪನ್ನು ಮಾತ್ರ ಒಳಗೆ ತರಬೇಕು. ಇದೆಲ್ಲ ನನಗೆ ಬಾಯಿಪಾಠವಾಗಿತ್ತು.

ಆದರೆ ಗೋಡೆ ಕೊರೆದು, ಹೊಸ ಟೈಲ್ಸ್ ಸರಿಪಡಿಸಲು ಗೌಂಡಿ ಬೇಕು. ಮೂರು ಕಡೆ ವಿಚಾರಿಸಿದೆ, ಮೂರೂ ಮನೆಗಳಿಗೆ ಬೀಗ. ಬಾಣಂತಿ ಬರುವ ದಿನ ಹತ್ತಿರವಾಗಿತ್ತು. ಗೌಂಡಿ ಸಿಗುವ ತನಕ ಇರಲಿ ಎಂದು ಪೆಟ್ಟಿಗೆಯನ್ನು ಬಚ್ಚಲಿನ ಒಳಗೋಡೆಗೇ, ಗವಾಕ್ಷಿಯ ಕೆಳಗೆ ತೂಗುಹಾಕಿದೆ.

"ವೆಂಟಿಲೇಶನ್ ಛಲೋ ಇರ್ಬೇಕ್ರಿ ಸರ್. ಅದು ಬ್ಲಾಕ್ ಆಗಬಾರದು," ಎಂದೆ. ಸರ್ ತಲೆಯಾಡಿಸಿದರು. ಬಚ್ಚಲಿನಲ್ಲಿ ಮಗಳಿಗೆ ನೀರೆರೆಯುವವರು ಕಮಲಾಬಾಯಿ. ಅವರು ಆಗ ಅಡುಗೆಮನೆಯಲ್ಲಿ ನನಗೆ ಚಹಾ ಮಾಡುತ್ತಿದ್ದರು.

ಸುಜಾತಾ ಮನೆಗೆ ಬಂದ ಐದನೆಯ ದಿನ ಮಧ್ಯಾಹ್ನ ಸರ್ ಫೋನ್ ಮಾಡಿ, "ಗೀಜರ್ ನೋಡ್ಲಾಕ ಬರ್ರಿ," ಎಂದಷ್ಟೇ ಹೇಳಿದರು. ಉರಿ ಸರಿಯಾಗಿ ಹೊತ್ತುತ್ತಿಲ್ಲವೇನೋ ಎಂದು ಗೊಣಗುತ್ತಲೇ ಹೋದೆ. ಬಾಗಿಲ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಒಳಗೆ ಕಾಲಿಟ್ಟವನಿಗೆ ಹೆಂಗಸರ ಅಳು ಕೇಳಿಸಿತು.

ಬೆಳಿಗ್ಗೆ ಕಮಲಾಬಾಯಿ ಮೊದಲು ಕೂಸಿಗೆ ಎರೆದು ಹೊರಗೆ ತಂದಿದ್ದರು. ಆಮೇಲೆ ಮಗಳಿಗೆ ಎಣ್ಣೆ ಹಚ್ಚಿ, ಬಾಗಿಲು ಹಾಕಿಕೊಂಡು ಬಹಳ ಹೊತ್ತು ನೀರೆರೆದರು. ತಮಗೇ ತಲೆ ಸುತ್ತಿದಂತಾದಾಗ ಹಬೆಗೆ ಹಾಗಾಗಿದೆ ಎಂದುಕೊಂಡರು. ಅಷ್ಟರಲ್ಲಿ ಕೂಸು ಅತ್ತಿತು. "ಇನ್ನ ನಾಕ ತಂಬಿಗಿ ಹಾಕ್ಕೋ, ಬರ್ತೇನಿ," ಎಂದು ಗಾಳಿ ಒಳಗೆ ಹೋಗದಂತೆ ಬಾಗಿಲು ಎಳೆದುಕೊಂಡು ಬಂದರು. ಕೂಸನ್ನು ಸಮಾಧಾನ ಮಾಡಿ ಹೋಗಿ ನೋಡಿದರೆ ಮಗಳು ಗೋಡೆಗೆ ಒರಗಿ ಕುಳಿತಿದ್ದಳು. ನಳ ಇನ್ನೂ ಹರಿಯುತ್ತಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ನಾನು ಬಚ್ಚಲಿಗೆ ಹೋಗಿ ತಲೆಯೆತ್ತಿ ನೋಡಿದೆ. ಗವಾಕ್ಷಿಗೆ ಹಳೆಯ ಸೀರೆಯನ್ನು ಬಿಗಿಯಾಗಿ ತುರುಕಿದ್ದರು.

ಕಮಲಾಬಾಯಿ ಹಿಂದೆಯೇ ಬಂದು ನಿಂತಿದ್ದರು. "ನಾನೇ ತುರುಕೀನ್ರಿ. ಬಾಣಂತಿಗಿ ಗಾಳಿ ಬಡೀಬಾರದಲ್ರಿ? ಗಾಳಿ ಒಳಗ ಬರಬಾರದು, ಇಷ್ಟ ನನಗ ಗೊತ್ತಿತ್ತು. ಬರಲಿಲ್ಲಂದ್ರ ಜೀವ ಹೋಗ್ತದಂತ ನನಗ್ಯಾರು ಹೇಳ್ಯಾರ್ರಿ?"

ಸರ್ ನನ್ನನ್ನು ಬಯ್ಯಲಿಲ್ಲ. "ವೆಂಟಿಲೇಶನ್ ಅಂದಿದ್ರಿ ನೀವು. ನಾನೇ ಮನ್ಯಾಗ ಹೇಳಲಿಲ್ಲ," ಎಂದರು. ಅವರು ಕೊರಳಪಟ್ಟಿ ಹಿಡಿದು ಎರಡು ಬಾರಿಸಿದ್ದರೆ ನನಗೆ ಹಗುರವಾಗುತ್ತಿತ್ತು. ತಪ್ಪು ನನ್ನದೇ, ಪೆಟ್ಟಿಗೆ ಹೊರಗಿರಬೇಕಿತ್ತು ಎಂದು ಅಲ್ಲಿಯೇ ಹೇಳಿದೆ. ಪೊಲೀಸರಿಗೂ ಹಾಗೆಯೇ ಬರೆದುಕೊಟ್ಟೆ. ಅದರಿಂದ ಯಾರಿಗೆ ಏನು ಬಂತು? ಆ ಸಂಜೆ ಪೆಟ್ಟಿಗೆಯನ್ನು ಕಳಚಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಅದೇ ನನ್ನ ಪಾಡು.

ಆಮೇಲೆ ಹತ್ತು ಹನ್ನೊಂದು ತಿಂಗಳಷ್ಟೇ ಆ ಕೆಲಸದಲ್ಲಿದ್ದೆ. ಗಿರಾಕಿ ಬಂದರೆ ನೀರು, ಕರೆಂಟಿನ ಮಾತು ಆಮೇಲೆ. ಮನೆಯಲ್ಲಿ ಯಾರು ಯಾರು ಸ್ನಾನ ಮಾಡುತ್ತಾರೆ, ಎರೆಯುವವರು ಯಾರು ಎಂದು ಮೊದಲು ಕೇಳುತ್ತಿದ್ದೆ. ಎರೆಯುವವರನ್ನೇ ಕರೆಸಿ, ಗವಾಕ್ಷಿ ಮುಟ್ಟಿ ತೋರಿಸಿ, ಅವರ ಮಾತಿನಲ್ಲೇ ಹೇಳುತ್ತಿದ್ದೆ. ಯಂತ್ರ ಬಲ್ಲವನು ಅದು ಸೇರುವ ಮನೆಯನ್ನೂ ಬಲ್ಲವನಾಗಿರಬೇಕು ಎಂಬುದು ಈ ವೃತ್ತಿ ಕಲಿಸಿದ ಪಾಠ. ಗೊತ್ತಿರಲಿಲ್ಲ ಎನ್ನಲು ನನಗೆ ಬಾಯಿಲ್ಲ. ಅದಕ್ಕೆಲ್ಲ ಮೊದಲೇ ಕಮಠಾಣದ ನಮ್ಮ ಮನೆಯಲ್ಲಿ, ನನ್ನ ಹೆಂಡತಿಯ ಬಾಣಂತನದಲ್ಲಿ, ಬಚ್ಚಲಿನ ಕಿಟಕಿಗೆ ಗೋಣಿಚೀಲ ತುರುಕಿದವನು ನಾನೇ.