ಅಂಕಲ್‌ಗೆ ಬೇಕಿದ್ದ ಹಸಿರು ನೀರು

ಅಕ್ವೇರಿಯಂ ಕ್ಲೀನ್ ಮಾಡೋದು ನನ್ನ ಕೆಲಸ. ಮಹಾಲಕ್ಷ್ಮಿ ಲೇಔಟಿನ ಒಂದು ಮನೆಯಲ್ಲಿ ಹಾಲ್‌ಗೂ ಅಡುಗೆಮನೆಗೂ ನಡುವೆ ಇಟ್ಟಿದ್ದ ಟ್ಯಾಂಕಿನ ನೀರು ಪಾಲಕ್ ಸಾರಿನ ಹಾಗಾಗಿತ್ತು.

"ಮೀನು ಬದುಕಿವೆಯೋ ಇಲ್ವೋ, ಒಂದೂ ಕಾಣ್ತಿಲ್ಲ ಕಣಪ್ಪ," ಅಂದರು ಆಂಟಿ ಗಾಬರಿಯಿಂದ.

ಕಿಟಕಿಯ ಬಿಸಿಲಿಗೆ ಪಾಚಿ ಬೆಳೆದಿತ್ತು. ಅರ್ಧ ನೀರು ಬದಲಿಸಿ, ಟ್ಯಾಂಕಿಗೆ ಬೆಡ್‌ಶೀಟ್ ಹೊದಿಸಿ ಬಂದೆ. ಮುಂದಿನ ವಾರ ಹೋಗಿ ಬೆಡ್‌ಶೀಟ್ ತೆಗೆದರೆ ನೀರು ತಿಳಿಯಾಗಿತ್ತು, ಮೀನೆಲ್ಲ ಕ್ಷೇಮವಾಗಿದ್ದವು. ಅಡುಗೆಮನೆಯಿಂದ ಖುಷಿಯಾಗಿ ಬಗ್ಗಿ ನೋಡಿದ ಆಂಟಿಗೆ ಮೀನಿನ ಜೊತೆ, ಗಾಜಿನಾಚೆ ಸೋಫಾದಲ್ಲಿ ಕೂತ ಗಂಡನೂ ಸ್ಪಷ್ಟವಾಗಿ ಕಂಡರು.

"ರೀ! ಶುಗರ್ ಇಟ್ಕೊಂಡು ಮೈಸೂರ್ ಪಾಕ್ ತಿಂತಿದೀರಾ?"

ಅಂಕಲ್ ಗೇಟಿನ ತನಕ ನನ್ನ ಹಿಂದೆ ಬಂದು, "ಇಷ್ಟೊಂದು ಕ್ಲೀನ್ ಮಾಡು ಅಂತ ಯಾರಪ್ಪ ಹೇಳಿದ್ದು?" ಅಂದರು.

ಆಂಟಿ ಅಕ್ಕಪಕ್ಕದ ಮನೆಯವರಿಗೆಲ್ಲ ನನ್ನ ನಂಬರ್ ಕೊಟ್ಟಿದ್ದಾರೆ. ಅಂಕಲ್ ಮಾತ್ರ ಎದುರು ಸಿಕ್ಕರೂ ಮಾತಾಡಿಸೋದಿಲ್ಲ.