ಮಸರತ್ ಆಂಟಿ ಮತ್ತು ಕಾಡಿನ ಡಬ್ಬ

ಅಮೆರಿಕದ ಕೆಂಡಲ್ ಪಾರ್ಕ್ ಎಂಬ ಊರಿನ ಇತಿಹಾಸದಲ್ಲಿ ಮಸರತ್ ಆಂಟಿ ಒಂದು ಡಬ್ಬವನ್ನಾದರೂ ಖಾಲಿ ಹಿಂದಿರುಗಿಸಿದ ದಾಖಲೆಯಿಲ್ಲ. ನೀವು ಸಾರು ಕೊಟ್ಟರೆ ಅದೇ ಪಾತ್ರೆಯಲ್ಲಿ ಖೀರು ಬರುತ್ತದೆ. ನೀವು ಮರ್ಯಾದೆಗೆ ಕೋಡುಬಳೆ ತುಂಬಿ ಕಳಿಸಿದರೆ ಮರುದಿನ ಬಿರಿಯಾನಿ. ಈ ಮಹಾಯುದ್ಧದಲ್ಲಿ ಎದುರುಮನೆಯ ರಾಜಿ ಆಂಟಿ ಹನ್ನೊಂದು ವರ್ಷ ಹೋರಾಡಿ, ಕೊನೆಗೆ ಹಿಂದಿರುಗಿಸಬೇಕಿಲ್ಲದ ಕಾಗದದ ತಟ್ಟೆಗೆ ಶರಣಾದರು. ತಿಂದು ತಿಂದು ಬೀದಿಗೆ ಬೀದಿಯೇ ಸೊಂಟ ಕಳೆದುಕೊಂಡಿತು.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹುಟ್ಟಿ, ಮೆಟುಚೆನ್‌ನ ಔಷಧಿ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷ ದುಡಿದು ನಿವೃತ್ತರಾದ ಈ ವೀರವನಿತೆಯನ್ನು ರಾಜಿ ಆಂಟಿಯೇ ಜಿಯೋಕ್ಯಾಶಿಂಗ್ ಎಂಬ ಆಟಕ್ಕೆ ಎಳೆದರು. ಯಾರೋ ಕಾಡಿನಲ್ಲಿ ಡಬ್ಬವೊಂದನ್ನು ಅಡಗಿಸಿ, ಜಾಗದ ಗುರುತನ್ನು ಫೋನಿನ ಆ್ಯಪ್‌ಗೆ ಹಾಕುತ್ತಾರೆ. ಹುಡುಕಿದವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆಯಬೇಕು. ಒಂದು ಆಟಿಕೆ ತೆಗೆದುಕೊಂಡರೆ ಬದಲಿಗೆ ಇನ್ನೊಂದು ಇಡಬೇಕು. ರಾಬಿನ್ಸ್‌ವಿಲ್ ಆಚೆ, ಹಳಿ ಕಿತ್ತು ನಡೆದಾಡಲು ಬಿಟ್ಟಿರುವ ಹಳೆಯ ರೈಲುದಾರಿಯ ಪಕ್ಕ ಅದೇ ಬೀದಿಯ ಮಹೇಶ್ ಅಂಕಲ್ ಇಟ್ಟ ಡಬ್ಬವಿತ್ತು. ಅದರ ಪುಸ್ತಕದಲ್ಲಿ ಎಂಟು ವರ್ಷಗಳ ಹೆಸರುಗಳು. ಮೊದಲ ಪುಟದಲ್ಲಿ, ಮಗನನ್ನು ನೋಡಲು ಬಂದಿದ್ದಾಗ ಅವರ ತಾಯಿ ಬರೆದ ಹೆಸರು. ಆ ತಾಯಿ ಈಗಿಲ್ಲ.

ಮೊದಲ ಭಾನುವಾರ ಮೂವರೂ ಹೋದಾಗ ಆಂಟಿ ಆ ಡಬ್ಬದಿಂದ ಮೊಮ್ಮಗಳಿಗೆಂದು ಪ್ಲಾಸ್ಟಿಕ್ ಡೈನೋಸಾರ್ ತೆಗೆದುಕೊಂಡರು. ಯಾರೂ ನೋಡದಾಗ ನಾಲ್ಕು ರವೆ ಉಂಡೆ ಇಟ್ಟರು.

ಎರಡನೆಯ ಭಾನುವಾರ ಡಬ್ಬವೇ ಇರಲಿಲ್ಲ. ನೆಲದ ತುಂಬ ರಕೂನ್ ಎಂಬ ಕಳ್ಳ ಕಾಡುಪ್ರಾಣಿಯ ಪುಟ್ಟ ಕೈಗುರುತು, ನಡುವೆ ಒಂದು ಗೋಡಂಬಿ. ಆಂಟಿ ತಪ್ಪೊಪ್ಪಿಕೊಂಡರು.

“ಫುಡ್ ಇಡಬಾರದು ಅಂತ ಆ್ಯಪಲ್ಲೇ ಇದೆಯಲ್ರೀ!” ಎಂದರು ಮಹೇಶ್ ಅಂಕಲ್.

“ಡೈನೋಸಾರ್ ತಗೊಂಡು ಬರೀ ಕೈಯಲ್ಲಿ ಬರೋದಾ, ಮಹೇಶ್ ಅವ್ರೇ?”

“ಕಾಡಿಗೂ ಬಾಗಿನ ಕೊಡ್ತೀಯೇನೆ?” ರಾಜಿ ಆಂಟಿ ಹಲ್ಲು ಕಡಿದರು.

“ಹೋಗ್ಲಿ ಬಿಡಿ,” ಎಂದ ಮಹೇಶ್ ಅಂಕಲ್ ಅತ್ತ ತಿರುಗಿ ಕನ್ನಡಕ ಒರೆಸಿಕೊಂಡರು. ಅದನ್ನು ಕಂಡ ಮಸರತ್ ಆಂಟಿಯ ಮುಖ ಬಾಡಿತು.

“ಆ ಬುಕ್ ಸಿಗೋವರೆಗೂ ನಾನು ಕಾರ್ ಹತ್ತಲ್ಲ.”

ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಗಾಳಿಯ ದಿಕ್ಕನ್ನು ಅಳೆದು, ಮೃಗದ ಜಾಡು ಹಿಡಿದು ಆಂಟಿ ಒಬ್ಬರೇ ಮುಳ್ಳುಪೊದೆಗಳ ನಡುವೆ ನುಗ್ಗಿದರು. ಮಹೇಶ್ ಅಂಕಲ್ ಫೋನು ಹಿಡಿದು ಒಂದೇ ಮರವನ್ನು ಏಳು ಸಲ ಸುತ್ತಿದರು. ರಾಜಿ ಆಂಟಿ ಕೋಲಿನಿಂದ ಒಂದು ಅಮಾಯಕ ಬಂಡೆಯನ್ನು ವಿಚಾರಿಸಿಕೊಂಡರು. ಇಪ್ಪತ್ತು ನಿಮಿಷದ ಮೇಲೆ ದೂರದಿಂದ ರಣಘೋಷವೊಂದು ಮೊಳಗಿತು. ಹಕ್ಕಿಗಳು ಹಾರಿದವು. ಓಡಿ ಹೋಗಿ ನೋಡಿದರೆ, ಆಂಟಿ ಡಬ್ಬವನ್ನು ತಲೆಯ ಮೇಲೆತ್ತಿ ನಿಂತಿದ್ದಾರೆ!

ಮುಚ್ಚಳದ ಅಂಚೆಲ್ಲ ಹಲ್ಲಿನ ಗುರುತು. ಪ್ಲಾಸ್ಟಿಕ್ ಚೀಲದಲ್ಲಿದ್ದ ಪುಸ್ತಕ ಮಾತ್ರ ಹಾಗೇ ಇತ್ತು. ಮಹೇಶ್ ಅಂಕಲ್ ಮೊದಲ ಪುಟ ತೆರೆದು ಬೆರಳಾಡಿಸಿದರು. ಆಮೇಲೆ ಮಸರತ್ ಆಂಟಿಯ ಕಡೆ ತಿರುಗಿದರು.

“ಮೇಡಂ, ಜಿಪಿಎಸ್ ಕೈಲೂ ಆಗಲಿಲ್ಲ, ನೀವು ಹೆಂಗ್ರೀ ಕಂಡುಹಿಡಿದ್ರಿ? ಹೆಜ್ಜೆ ಫಾಲೋ ಮಾಡಿದ್ರಾ?”

“ಎಲ್ಲಿ ಫಾಲೋ ಮಾಡೋದು!” ಎಂದರು ಆಂಟಿ. “ಮಂಡಿ ನೋಯ್ತಿತ್ತು, ಎಲೆ ರಾಶಿ ಮೇಲೆ ಕೂತೆ. ಚುಚ್ಚಿತು.”